ಗಣಪ್ಪನ ವರದಿ, ಜೋಕಪ್ಪನ ವರದಿ

ಸರಕಾರದ ರಜೆ ಪಟ್ಟಿಗೂ ನಮ್ಮ ಕಡೆಯ ಎರೆಹೊಲಕ್ಕೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಪಟ್ಟಿಯಲ್ಲಿ ಮಕರ ಸಂಕ್ರಾಂತಿ ಉಂಟು, ಎಳ್ಳ ಅಮಾವಾಸ್ಯೆ ಇಲ್ಲ. ಆದರೆ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯ ಹಳ್ಳಿ ಶಾಲೆಗಳ ಹಾಜರಿ ಪುಸ್ತಕ ತೆಗೆದು ನೋಡಿದರೆ ಎಳ್ಳಮವಾಸಿಯ ದಿನ ಮಕ್ಕಳು ತಮ್ಮ ರಜೆಯನ್ನು ತಾವೇ ಮಂಜೂರು ಮಾಡಿಕೊಂಡದ್ದು ಎದ್ದು ಕಾಣುತ್ತದೆ. ಈ ಭಾಗದಲ್ಲಿ ಕೂದಲು ಹಣ್ಣಾದ ಹೆಡ್ಮಾಸ್ತರರು ಸ್ಥಳೀಯ ರಜೆಗಳಲ್ಲಿ ಒಂದನ್ನು ಈ ದಿನಕ್ಕೆಂದೇ ಎತ್ತಿಟ್ಟು ಶಾಲೆಯ ಮರ್ಯಾದೆ ಉಳಿಸುತ್ತಾರೆ. ಬೇರೆ ಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದವರು ಮೊದಲನೇ ವರ್ಷ ಬೆಂಚುಗಳಿಗೆ ಪಾಠ ಮಾಡುತ್ತಾರೆ. ಎರಡನೇ ವರ್ಷ ಅವರೂ ಯಾರದಾದರೂ ಹೊಲದಲ್ಲಿ ಬನ್ನಿ ಗಿಡದ ನೆರಳಿಗೆ ಕುಂತು ಶೇಂಗಾ ಹೋಳಿಗೆ ಮುರಿಯುತ್ತಿರುತ್ತಾರೆ. ಶಿಕ್ಷಣ ಇಲಾಖೆಯ ಯಾವ ತರಬೇತಿಯೂ ಮೇಷ್ಟ್ರುಗಳನ್ನು ಇಷ್ಟು ಬೇಗ ತಿದ್ದಿದ್ದನ್ನು ನಾನು ಕಂಡಿಲ್ಲ.

ಸಮಾಜ ವಿಜ್ಞಾನ ಕಲಿಸುವ ನನ್ನಂಥವನಿಗೆ ತೊಡಕು ಶುರುವಾಗುವುದು ಸಂಕ್ರಾಂತಿಯ ಹತ್ತಿರ. "ಸುಗ್ಗಿ ಮುಗಿದು ರೈತನ ಮನೆ ತುಂಬುವ ಹಬ್ಬ" ಎಂದು ಓದಿಸಬೇಕು. ಗೋಡೆಗೆ ತೂಗುಹಾಕಿದ ಚಿತ್ರಪಟದಲ್ಲಿ ಕಬ್ಬಿನ ಜಲ್ಲೆ, ಭತ್ತದ ರಾಶಿ, ಬಣ್ಣ ಬಳಿದುಕೊಂಡು ಕಿಚ್ಚು ಹಾಯುವ ಎತ್ತು. ಇವೆಲ್ಲ ಮಂಡ್ಯ, ಮೈಸೂರು ಕಡೆಯ ಸತ್ಯ. ನಮ್ಮ ಎತ್ತಿಗೆ ಬಣ್ಣ ಹಚ್ಚುವುದು ಮುಂಗಾರಿಯ ಬಾಯಲ್ಲಿ, ಕಾರ ಹುಣ್ಣಿಮೆಗೆ. ಜನವರಿಯಲ್ಲಿ ಕಿಟಕಿಯಾಚೆ ನೋಡಿದರೆ ಹಿಂಗಾರಿ ಬಿಳಿಜೋಳ ನಿಂತಿದೆ, ಕಡಲೆ ಕಾಯಿ ಕಟ್ಟಿದೆ, ಕುಸುಬಿ ಮುಳ್ಳು ಬಿಟ್ಟಿದೆ. ರಾಶಿ ಆಗುವುದು ಫೆಬ್ರವರಿ, ಮಾರ್ಚಿಗೆ. ನಾನು ಪಾಠ ಓದಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ, ನಮ್ಮ ಜ್ವಾಳ ಇನ್ನ ಹಾಲಗಾಳದಾಗ ಐತಿ. ಸುಗ್ಗಿ ಮುಗೀತು ಅಂತ ಬರದ್ರ ನಮ್ಮಪ್ಪ ನಗತಾನ್ರಿ" ಎಂದ. ಪುಸ್ತಕ ಬರೆದವರು ನಕ್ಕರೆ ತಡೆದುಕೊಳ್ಳಬಹುದು. ಅಪ್ಪ ನಗುವುದೆಂದರೆ ಹುಡುಗನಿಗೆ ಸಣ್ಣ ಮಾತಲ್ಲ.

ಹಾಗಂತ ಸಂಕ್ರಾಂತಿಯನ್ನು ಈ ನೆಲಕ್ಕೆ ಪರಕೀಯ ಎನ್ನುವ ಹಾಗೂ ಇಲ್ಲ. ಇಲ್ಲಿ ಅದು ಹೊಳೆಯ ಹಬ್ಬ. ಮುಂಡರಗಿ ತಾಲೂಕಿನ ಕೊರ್ಲಹಳ್ಳಿ, ಹಮ್ಮಿಗಿ ಕಡೆ ತುಂಗಭದ್ರೆಯ ದಂಡೆಯಲ್ಲಿ ಅವತ್ತು ಮುಳುಗೇಳುವವರು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಬುತ್ತಿ ಬಿಚ್ಚುವವರು ನೆರೆದಿರುತ್ತಾರೆ. ಸಂಜೆಗೆ ಹುಡುಗಿಯರು ಹೊಸ ಬಟ್ಟೆ ಉಟ್ಟು ಮನೆಮನೆಗೆ ಕುಸುರೆಳ್ಳು ಹಂಚುತ್ತಾರೆ. ಇನ್ನು ಇತಿಹಾಸ ಬೇಕೆಂದರೆ ಸಂಕ್ರಾಂತಿಗೆ ಬೇಕಾದಷ್ಟು ಇದೆ, ಅದೂ ಕಲ್ಲಿನ ಮೇಲೆ. ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ. ಅಲ್ಲಿಂದ ಗದಗ, ಲಕ್ಕುಂಡಿ, ಡಂಬಳದವರೆಗೆ ಶಾಸನಗಳಿಗೆ ಬರವಿಲ್ಲ. ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಗ್ರಹಣದ ಜೊತೆಗೆ ಉತ್ತರಾಯಣ ಸಂಕ್ರಮಣವೂ ಭೂದಾನಕ್ಕೆ ಒಳ್ಳೆಯ ಮುಹೂರ್ತ. ಇಂಥ ಅರಸ ಆಳುತ್ತಿರಲಾಗಿ, ಇಂಥ ದೇವರಿಗೆ ಇಷ್ಟು ಮತ್ತರು ಕೆಯ್ ಕೊಟ್ಟೆವು. ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂಬ ಧಾಟಿ. ಕೊಟ್ಟವನ ಹೆಸರು ಸಿಗುತ್ತದೆ, ಈಸಿಕೊಂಡ ಆಚಾರ್ಯರ ಹೆಸರು ಸಿಗುತ್ತದೆ, ಎಷ್ಟೋ ಸಲ ಬರೆದವನದೂ ಕಂಡರಿಸಿದವನದೂ ಸಿಗುತ್ತದೆ. ಆ ಮತ್ತರುಗಳನ್ನು ಉತ್ತವನ ಹೆಸರು ಹುಡುಕಲು ಹೋದರೆ ಮಾತ್ರ ಕಣ್ಣು ನೋಯುತ್ತದೆ. ಆಗ ಸಂಕ್ರಾಂತಿ ಡಿಸೆಂಬರಿನ ಕೊನೆಯ ವಾರ ಬರುತ್ತಿತ್ತು. ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಜಾರುತ್ತ ಈಗ ಜನವರಿ 14–15ಕ್ಕೆ ಬಂದು ನಿಂತಿದೆ. ಸೂರ್ಯನೋ ಡಿಸೆಂಬರ್ 21–22ಕ್ಕೇ ಹೊರಳಿ ಉತ್ತರಕ್ಕೆ ಹೊರಟಿರುತ್ತಾನೆ. ನಾವು ಮೂರು ವಾರ ತಡೆದು ಶುಭಾಶಯ ಹೇಳುತ್ತೇವೆ. ಇದನ್ನು ಹೇಳಿದರೆ ಮಕ್ಕಳಿಗೆ ಬಲು ಖುಷಿ. ಶಾಲೆಗೆ ಅವರೊಬ್ಬರೇ ತಡವಾಗಿ ಬರುವವರಲ್ಲ ಎಂಬ ಸಮಾಧಾನ ಇರಬೇಕು.

ಎಳ್ಳಮವಾಸಿಗೆ ಇಂಥ ಕಲ್ಲಿನ ಸಾಕ್ಷಿ ಇಲ್ಲ. ಅದರ ಸಾಕ್ಷಿಯೆಲ್ಲ ಬುಟ್ಟಿಯಲ್ಲಿ. ಹಿಂದಿನ ರಾತ್ರಿಯಿಂದಲೇ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಕಟಕ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ, ಎಳ್ಳ ಹೋಳಿಗೆ, ಶೇಂಗಾ ಹೋಳಿಗೆ, ಕಡಬು, ಮೊಸರನ್ನ. ಮೊದಲು ಸವಾರಿ ಬಂಡಿ, ಈಗ ಟ್ರ್ಯಾಕ್ಟರ್ ಟ್ರೇಲರ್. ಅದರಲ್ಲಿ ಜಮಖಾನೆ ಹಾಸಿ ಅಜ್ಜಿಯರನ್ನು ನಡುವೆ ಕೂಡಿಸಿ ಹೊರಡುವುದು. ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು ಹುಡುಕಿ ತಂದು ಸುಣ್ಣ ಹಚ್ಚಿ ಪಾಂಡವರೆಂದು ಕೂಡಿಸುತ್ತಾರೆ. ಪೂಜೆ ಮುಗಿದ ಮೇಲೆ ಒಬ್ಬರು ಎಲ್ಲ ಅಡಿಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿಕೊಂಡು ಬೆಳೆಯ ಸುತ್ತ ಚೆಲ್ಲುತ್ತ ನಡೆಯುತ್ತಾರೆ. ಹಿಂದೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತಾರೆ. ಒಬ್ಬರ ಕೂಗಿಗೆ ಇನ್ನೊಬ್ಬರದು ಮಾರುಕೂಗು. ಆ ಕೂಗು ಊರಿಂದೂರಿಗೆ ಬೇರೆ, ಅರ್ಥ ಮನೆಯಿಂದ ಮನೆಗೆ ಬೇರೆ, ಗಂಟಲು ಮಾತ್ರ ಎಲ್ಲ ಕಡೆಯೂ ದೊಡ್ಡದು. ಇದೇ ಚರಗ ಚೆಲ್ಲುವುದು. ಮುಂಗಾರಿ ಬೆಳೆಗೆ ಶೀಗಿ ಹುಣ್ಣಿಮೆಯಲ್ಲಿ, ಹಿಂಗಾರಿಗೆ ಎಳ್ಳಮವಾಸಿಯಲ್ಲಿ.

ಇದು ಸುಗ್ಗಿಯ ಹಬ್ಬವೇ ಅಂದರೆ ಪೂರ್ತಿ ಅಲ್ಲ, ಅಲ್ಲವೇ ಅಂದರೆ ಅದೂ ಅಲ್ಲ. ಬೆಳೆ ಕೈಗೆ ಬರುವ ಮುಂಚೆಯೇ ಕೊಟ್ಟುಬಿಡುವ ಹಬ್ಬ. ನಮ್ಮವರ ಲೆಕ್ಕದಲ್ಲಿ ಭೂಮಿತಾಯಿ ಈಗ ಬಸುರಿ, ಚರಗ ಆಕೆಯ ಬಯಕೆ ಊಟ. ನಂಬದವರು ಜೋಳದ ಹೊಲದಲ್ಲಿ ಹೊಡೆ ಹಾಯುವ ಹೊತ್ತಿಗೆ ದಂಟು ನೋಡಬೇಕು. ಮೇಲಿನ ಎಲೆಯ ಸುರುಳಿ ಉಬ್ಬಿಕೊಂಡಿರುತ್ತದೆ. ಮೆಲ್ಲಗೆ ಬಿಡಿಸಿದರೆ ಒಳಗೆ ತೆನೆ ಮುದುಡಿ ಮಲಗಿರುತ್ತದೆ. ಪಕ್ಕದ ಸಾಲಿನಲ್ಲಿ ಕಡಲೆ. ಇಬ್ಬನಿ ಆರುವ ಮೊದಲು ಚಡ್ಡಿ ಹುಡುಗರು ನಡುವೆ ಓಡಿದರೆ ಎಲೆಯ ಹುಳಿ ಮೊಣಕಾಲಿಗೆ ತಾಗಿ ಚುರುಚುರು ಉರಿಯುತ್ತದೆ. ಹಿಂದಿನ ಹೆಣ್ಣುಮಕ್ಕಳು ನಸುಕಿನಲ್ಲಿ ಅದೇ ಗಿಡಗಳ ಮೇಲೆ ಬಿಳಿ ಅರಿವೆ ಎಳೆದು, ಹಿಂಡಿ, ಕಡಲೆ ಹುಳಿ ತುಂಬಿಡುತ್ತಿದ್ದರು. ಹೊಟ್ಟೆನೋವಿಗೆ ಅದು ಮನೆಮದ್ದು. ಇನ್ನು ಚೆಲ್ಲಿದ ಚರಗಕ್ಕೆ ಹಕ್ಕಿ ಇಳಿಯುತ್ತವೆ. ಅನ್ನ ತಿಂದ ಬಾಯಿಗೆ ಒಂದಿಷ್ಟು ಕೀಡೆಯೂ ಸಿಗುತ್ತದೆ. ಕಾಯಿಕೊರಕಕ್ಕೆ ಔಷಧಿ ಹೊಡೆದು ಸಾಕಾದ ಮೇಲೆ ಕೃಷಿ ತಜ್ಞರು ಕಡಲೆ ಹೊಲದಲ್ಲಿ ಚುರಮರಿ ಚೆಲ್ಲಿರಿ, ಹಕ್ಕಿ ಬರುತ್ತವೆ ಎಂದು ಹೇಳಿಕೊಡುವುದುಂಟು. ಅದನ್ನು ಕೇಳಿದ ಹಿರಿಯರೊಬ್ಬರು, "ಚುರಮರಿ ಅಷ್ಟ ಯಾಕ್ರಿ, ಸಂಗಾಟ ಮಿರ್ಚಿ ಕೊಡ್ರಿ" ಅಂದರು. ಗದಗಿನ ಮನುಷ್ಯನಿಗೆ ಮಿರ್ಚಿ ಇಲ್ಲದ ಚುರಮರಿ ಹಕ್ಕಿಗೆ ಮಾಡುವ ಅವಮಾನ.

ಈ ಎರಡು ಹಬ್ಬಗಳನ್ನು ಮಕ್ಕಳಿಗೆ ಹೇಗೆ ಕಲಿಸುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದ ನನಗೆ ದಾರಿ ತೋರಿಸಿದವನು ಜೋಕುಮಾರ. ಭಾದ್ರಪದದ ಚೌತಿಗೆ ಗಣಪ್ಪ ಬರುತ್ತಾನೆ. ಕಡಬು, ಚಕ್ಕುಲಿ, ಪಂಚಕಜ್ಜಾಯ ತಿಂದು ಕೈಲಾಸಕ್ಕೆ ಮರಳಿ ತಂದೆತಾಯಿಗೆ, ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆ, ಉಂಡುಟ್ಟು ಚೆನ್ನಾಗಿದ್ದಾರೆ ಎಂದು ವರದಿ ಒಪ್ಪಿಸುತ್ತಾನೆ. ಅವನ ಬೆನ್ನಿಗೆ ಅಷ್ಟಮಿಗೆ ಹುಟ್ಟುವವನು ಜೋಕುಮಾರ. ಹಸಿಮಣ್ಣಿನ ಮೈ, ಅಗಲ ಮುಖ, ಬಾಯಿಗೆ ಬೆಣ್ಣೆ, ಕುಳಿತಿರುವುದು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ. ಅಂಬಿಗರು, ಬಾರಿಕೇರರ ಮನೆಯ ಹೆಣ್ಣುಮಕ್ಕಳು ಅವನನ್ನು ತಲೆಯ ಮೇಲೆ ಹೊತ್ತು ಓಣಿ ಓಣಿ ತಿರುಗುತ್ತಾರೆ. ಮೊರದಲ್ಲಿ ಜೋಳ, ಮೆಣಸಿನಕಾಯಿ ಈಸಿಕೊಂಡು ಅಂಬಲಿ ಕೊಡುತ್ತಾರೆ. ಆ ಅಂಬಲಿಯನ್ನೂ ರೈತರು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಗಣಪ್ಪ ಹೊಕ್ಕದ್ದು ಅಡಿಗೆಮನೆ, ಜೋಕಪ್ಪ ಹೊಕ್ಕದ್ದು ಕೇರಿ. ಮಳೆಯಿಲ್ಲ, ಬೆಳೆ ಬಾಡಿದೆ, ಜನ ಅಂಬಲಿಗೂ ಪರದಾಡುತ್ತಿದ್ದಾರೆ ಎಂದು ಅವನು ಶಿವನ ಮುಂದೆ ಅತ್ತು ಕರೆದು ಮಳೆ ತರುತ್ತಾನೆ ಎಂಬುದು ನಂಬಿಕೆ. ಇಷ್ಟು ಮಾಡಿದವನ ಆಯುಷ್ಯ ಏಳೇ ದಿನ, ಹುಣ್ಣಿಮೆಗೆ ಸಾವು. ಖರೇ ವರದಿ ಬರೆದವರಿಗೆ ಬಡ್ತಿ ಸಿಗದಿರುವುದು ಬಹಳ ಹಳೆಯ ಪದ್ಧತಿ.

ಗಣಪ್ಪ ಸುಳ್ಳು ಹೇಳಿದ ಎಂದು ನಾನು ಮಕ್ಕಳಿಗೆ ಹೇಳುವುದಿಲ್ಲ. ಅವನು ಕಂಡದ್ದು ಕಡಬು, ಹೇಳಿದ್ದು ಕಡಬು. ಪಠ್ಯದ ಸಂಕ್ರಾಂತಿಯೂ ಹಾಗೆಯೇ, ಒಳ್ಳೆಯ ಮನೆಯಲ್ಲಿ ಉಂಡು ಬಂದವರ ವರದಿ. ನಮಗೆ ಬೇಕಾದದ್ದು ಇನ್ನೊಂದು ವರದಿ, ಅಷ್ಟೆ. ಅದಕ್ಕೇ ಹಬ್ಬ ಬಂತೆಂದರೆ ಪ್ರಬಂಧ ಬರೆಸುವುದನ್ನು ಬಿಟ್ಟು ನಾಲ್ಕು ಪ್ರಶ್ನೆ ಕೊಟ್ಟು ಕಳಿಸುತ್ತೇನೆ. ಅಡಿಗೆ ಮಾಡಿದವರು ಯಾರು? ಬುತ್ತಿ ಹೊತ್ತವರು ಯಾರು? ಬೆಳೆ ಕೊಯ್ದವರಿಗೆ ಏನು ಸಿಕ್ಕಿತು? ಅವತ್ತು ಹೊಲಕ್ಕೆ ಬಾರದವರು ಯಾರು? ಮನೆಯ ಹಿರಿಯರನ್ನು ಕೇಳಿಕೊಂಡು ಬರೆಯಬೇಕು. ಗೈಡ್ ಇಲ್ಲ, ಗೂಗಲ್ ಇಲ್ಲ. ಇಷ್ಟಕ್ಕೇ ಮಕ್ಕಳು ಜೋಕಪ್ಪಗಳಾಗಿಬಿಡುತ್ತಾರೆ.

ಒಬ್ಬಳು ಬರೆದುಕೊಂಡು ಬಂದಳು: 1972ರ ಬರದಾಗ ಚರಗಕ್ಕೆ ಏನು ಮಾಡಿದ್ರಿ ಅಂತ ಅಜ್ಜಿನ್ನ ಕೇಳಿದೆ. "ನುಚ್ಚಿನ ಅಂಬಲಿ ಚೆಲ್ಲಿದ್ವಿ. ನಮ್ಮ ಮನ್ಯಾಗ ಏನೈತಿ ಏನಿಲ್ಲ ಭೂಮ್ತಾಯಿಗೆ ಗೊತ್ತಿರಂಗಿಲ್ಲೇನ" ಅಂದಳು. ಇನ್ನೊಬ್ಬ ಕಣದ ಸುದ್ದಿ ತಂದ. ರಾಶಿ ಅಳೆಯುವಾಗ ಅವರ ಮುತ್ಯಾ ಒಂದು ಎನ್ನುವುದಿಲ್ಲ, "ಲಾಭ" ಎನ್ನುತ್ತಾನೆ. ಎರಡರಿಂದ ಲೆಕ್ಕ ಶುರು. ಆದರೆ ರಾಶಿಯ ಸುತ್ತ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿಂದ, ಮಾದರ ಎಲ್ಲರೂ ವರ್ಷದ ಆಯಕ್ಕೆ ಬಂದು ನಿಂತಿರುತ್ತಿದ್ದರು, ಅವರೆಲ್ಲರದೂ ಕೊಟ್ಟು, ಸಾವುಕಾರನದೂ ಹೋದ ಮೇಲೆ ಮನೆಗೆ ಬರುತ್ತಿದ್ದದ್ದು ಬರೀ ಆ ಮೊದಲನೇ ಲಾಭವೇ ಎಂದು ಮುತ್ಯಾ ಸೇರಿಸಿದ್ದನಂತೆ. ಇಲ್ಲಿಂದ ಕಣಗಿನಹಾಳಕ್ಕೆ ಒಂದೇ ಹೆಜ್ಜೆ. ಗದಗ ತಾಲೂಕಿನ ಆ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ರೈತರು ಕೂಡಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಮೆಟ್ಟಿಲುಗಳಲ್ಲಿ ಅದೂ ಒಂದು. ಇದನ್ನು ಬರೀ ಇಸವಿಯಾಗಿ ಬಾಯಿಪಾಠ ಮಾಡುತ್ತಿದ್ದ ಮಕ್ಕಳಿಗೆ ಮುತ್ಯಾನ ರಾಶಿಯ ಪಕ್ಕ ಇಟ್ಟಾಗ ಯಾಕೆ ಕಟ್ಟಿದರು ಎಂಬುದು ತಾನೇ ತಿಳಿಯಿತು.

ಬೆಟಗೇರಿಯ ನೇಕಾರರ ಮನೆಯ ಹುಡುಗ ಪ್ರಶ್ನೆಗಳಿಗೇ ತಕರಾರು ತೆಗೆದ. "ಸರ, ನಮಗ ಹೊಲಾನ ಇಲ್ಲ. ಮಗ್ಗ ಐತಿ. ನಮ್ಮ ಸುಗ್ಗಿ ಯಾವದ್ರಿ?" ಹೊಲ ಇಲ್ಲದವರನ್ನು ಕರೆದೊಯ್ದು ಉಣಿಸುವುದು ಈ ಹಬ್ಬದ ರೀತಿ, ಹಾಗಾಗಿ ಅವನು ವರ್ಷಕ್ಕೊಂದು ಹೊಲದಲ್ಲಿ ಉಂಡು ಯಾರ ಮನೆಯ ಎಣ್ಣೆಗಾಯಿ ಹೇಗೆ ಎಂಬ ವಿಷಯದಲ್ಲಿ ಪಂಡಿತನಾಗಿದ್ದ. ಶಿರಹಟ್ಟಿಯ ಕಡೆಯ ಮುಸಲ್ಮಾನ ರೈತರ ಹುಡುಗಿ, ತಮ್ಮ ಮನೆಯಲ್ಲೂ ಚರಗ ಉಂಟು, ಅಜ್ಜನ ಕಾಲದಿಂದಲೂ ಉಂಟು ಎಂದು ಬರೆದಳು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠದ ಊರ ಆಸುಪಾಸಿನಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಕಪ್ಪತಗುಡ್ಡದ ಸೆರಗಿನ ತಾಂಡಾದ ಹುಡುಗಿಯ ಹಾಳೆ. ಅವರಲ್ಲಿ ಶ್ರಾವಣದ ಸುಮಾರಿಗೆ ತೀಜ್. ಮದುವೆಯಾಗದ ಹುಡುಗಿಯರು ಸಣ್ಣ ಬುಟ್ಟಿಗಳಲ್ಲಿ ಗೋದಿ ಬಿತ್ತಿ, ದಿನಾ ಹಾಡುತ್ತ ನೀರು ಹಾಕಿ, ಎದ್ದ ಸಸಿಗಳನ್ನು ಕೊನೆಗೆ ನೀರಿಗೆ ಬಿಡುತ್ತಾರೆ. ದೀಪಾವಳಿಯ ರಾತ್ರಿ ಮೇರಾ. ದೀಪ ಹಿಡಿದು ತಾಂಡಾದ ನಾಯಕನ ಮನೆಯಿಂದ ಮೊದಲ್ಗೊಂಡು ಮನೆಮನೆಗೆ ಹೋಗಿ ಹಾರೈಸುವುದು. ಇಷ್ಟನ್ನೂ ಚೆಂದಾಗಿ ಬರೆದ ಹುಡುಗಿ ನಾಲ್ಕನೇ ಪ್ರಶ್ನೆಗೆ, "ಎಳ್ಳಮವಾಸಿಗೆ ಹೊಲಕ್ಕೆ ಬಾರದವರು: ಅವ್ವ, ಅಪ್ಪ. ಗೋವಾಕ್ಕೆ ದುಡಿಯಾಕ ಹೋಗ್ಯಾರ" ಎಂದು ಬರೆದಿದ್ದಳು. ಒಂದು ಕಾಲಕ್ಕೆ ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡೆಲ್ಲ ಸಾಗಿಸುತ್ತಿದ್ದವರು; ದಂಡುಗಳಿಗೇ ಅನ್ನ ಮುಟ್ಟಿಸುತ್ತಿದ್ದವರು. 1880ರ ದಶಕದಲ್ಲಿ ಗದಗಿಗೆ ರೈಲು ಬಂತು. ಪೇಟೆಯ ಹತ್ತಿಗೆ ಅದು ಒಳ್ಳೆಯ ಕಾಲ, ಹೇರೆತ್ತಿನವರಿಗೆ ಕೆಟ್ಟ ಕಾಲ. ಅದಕ್ಕೂ ಮೊದಲೇ 1871ರ ಕಾಯಿದೆ ತಂದು ಬ್ರಿಟಿಷರು ಇಂಥ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆ ಒತ್ತಲು ಹೊರಟಿದ್ದರು. ಆ ಕಾಯಿದೆ ತೊಲಗಿದ್ದು ಸ್ವಾತಂತ್ರ್ಯ ಬಂದು ಐದು ವರ್ಷಕ್ಕೆ, 1952ರಲ್ಲಿ. ಗದಗ ರೈಲು ನಿಲ್ದಾಣದ ಬಗ್ಗೆ ಬರೆ ಎಂದರೆ ಆ ಹುಡುಗಿ ಬರೆಯುವುದೂ ಪೇಟೆಯ ವ್ಯಾಪಾರಿಯ ಮೊಮ್ಮಗ ಬರೆಯುವುದೂ ಒಂದೇ ಆಗಲಿಕ್ಕಿಲ್ಲ. ಎರಡಕ್ಕೂ ಪೂರ್ತಿ ಅಂಕ ಕೊಡುವ ಮೇಷ್ಟ್ರು ಬೇಕು.

ಅಮೆರಿಕದಲ್ಲಿರುವ ತಂಗಿಯ ಮಗನಿಗೂ ಇದೇ ಪೇಚಾಟ. ಅಲ್ಲಿ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಎಂಬ ಸುಗ್ಗಿ ಹಬ್ಬ. ಮೊದಲು ಶಾಲೆಗಳಲ್ಲಿ ಕಾಗದದ ಗರಿ ಸಿಕ್ಕಿಸಿಕೊಂಡ ಮಕ್ಕಳೂ ಕರಿ ಟೊಪ್ಪಿಗೆಯ ಮಕ್ಕಳೂ ಕೂಡಿ ಉಣ್ಣುವ ನಾಟಕ ಆಡಿಸುತ್ತಿದ್ದರಂತೆ. 1621ರಲ್ಲಿ ಪ್ಲಿಮತ್ತಿನಲ್ಲಿ ಇಂಗ್ಲಿಷರೂ ವಾಂಪನೋಗ್ ಜನರೂ ಒಟ್ಟಿಗೆ ಉಂಡದ್ದು ನಿಜ. ಆದರೆ ಇಂಗ್ಲಿಷರು ಊರು ಕಟ್ಟಿದ್ದು ಪಟುಕ್ಸೆಟ್ ಎಂಬ ವಾಂಪನೋಗ್ ಹಳ್ಳಿಯ ನೆಲದಲ್ಲಿ, ಬಿತ್ತಿದ್ದು ಆ ಹಳ್ಳಿಯವರು ಹದಮಾಡಿದ ಹೊಲದಲ್ಲಿ; ಹಡಗಿನವರು ತಂದ ರೋಗಕ್ಕೆ ಆ ಹಳ್ಳಿ ಕೆಲವೇ ವರ್ಷ ಮುಂಚೆ ನಿರ್ಜನವಾಗಿತ್ತು. ಮೆಕ್ಕೆಜೋಳ ಬಿತ್ತುವುದನ್ನು ಕಲಿಸಿಕೊಟ್ಟ ತಿಸ್ಕ್ವಾಂಟಮ್ ಆ ಊರಿನವನೇ. 1970ರಲ್ಲಿ, ವಲಸೆಗಾರರು ಬಂದಿಳಿದ 350ನೇ ವರ್ಷದ ಸಮಾರಂಭಕ್ಕೆ ವಾಂಪನೋಗ್ ಸಮುದಾಯದ ಫ್ರಾಂಕ್ ಜೇಮ್ಸ್ ಅವರನ್ನು ಭಾಷಣಕ್ಕೆ ಕರೆದರು. ಅವರು ಬರೆದ ಭಾಷಣ ಓದಿ ನೋಡಿ ಬೇಡವೆಂದರು. ಅಂದಿನಿಂದ ಪ್ಲಿಮತ್ತಿನಲ್ಲಿ ಅದೇ ಹಬ್ಬದ ದಿನ ಮೂಲನಿವಾಸಿಗಳು ಶೋಕದ ದಿನ ಆಚರಿಸುತ್ತ ಬಂದಿದ್ದಾರೆ. ಈಗ ಎಷ್ಟೋ ಶಿಕ್ಷಕರು ಆ ಕಥೆಯನ್ನೂ ಕಲಿಸುತ್ತಾರೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದ ಹುಡುಗ, "ಮಾಮಾ, ನಿಮ್ಮಲ್ಲಿ ಹಂಗ್ಯಾರೂ ಭಾಷಣ ನಿಲ್ಲಿಸಿಲ್ಲಲ್ಲ?" ಎಂದು ಕೇಳಿದ. ನಮ್ಮಲ್ಲಿ ಭಾಷಣಕ್ಕೆ ಕರೆಯುವುದೇ ಕಡಿಮೆ, ನಿಲ್ಲಿಸುವ ಪ್ರಸಂಗ ಎಲ್ಲಿ ಬರುತ್ತದೆ?

ಇಷ್ಟೆಲ್ಲ ಬರೆದ ಮೇಲೆ ಎಳ್ಳಮವಾಸಿಯೇ ಖರೇ ಹಬ್ಬ, ನೆಲದವರೆಲ್ಲ ಬಂಗಾರದಂಥವರು ಎಂದು ಮುಗಿಸುವ ಆಸೆ ಬರುತ್ತದೆ. ಮಕ್ಕಳು ಬಿಡಲಿಲ್ಲ. ಒಬ್ಬ ಹುಡುಗನ ಅಜ್ಜ ಹೇಳಿದ್ದು: ತಾನು ಸಣ್ಣವನಿದ್ದಾಗ ಗೌಡರ ಹೊಲದಲ್ಲಿ ಕಳೆ ತೆಗೆದು, ಜೋಳ ಕೊಯ್ದು ಸೈ ಎನಿಸಿಕೊಂಡವರೇ ಚರಗದ ದಿನ ಬದುವಿನ ಆಚೆ ಕುಂತು ಉಣ್ಣಬೇಕಿತ್ತು, ಹೋಳಿಗೆಯನ್ನು ಮೇಲಿನಿಂದ ಹಾಕುತ್ತಿದ್ದರು. ಭೂಮಿತಾಯಿಗೆ ಬೇಕಾದ ಕೈ ಪಂಕ್ತಿಗೆ ಬೇಡವಾಗಿತ್ತು. ಅಂದರೆ ಚರಗದೊಳಗೂ ಒಬ್ಬ ಗಣಪ್ಪ ಕುಂತಿದ್ದಾನೆ, ಅವನ ವರದಿಗೂ ಪಕ್ಕದಲ್ಲಿ ಇನ್ನೊಂದು ವರದಿ ಬೇಕು. ಹೀಗೆ ಹೇಳಿದರೆ ಹಬ್ಬ ಕೆಡುತ್ತದೆಯೇ ಎಂದು ಪಾಲಕರೊಬ್ಬರು ಕೇಳಿದರು. ಕೆಡುವುದಿಲ್ಲ, ಪಂಕ್ತಿ ಉದ್ದ ಆಗುತ್ತದೆ. ಆ ಉದ್ದದ ಪಂಕ್ತಿಯಲ್ಲಿ ಇನ್ನೊಂದು ಸಂಗತಿಗೂ ಜಾಗ ಉಂಟು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೇಳಿದಾಗ ರೈತರು ಎದ್ದು ನಿಂತರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಬೀದಿಗಿಳಿದು ಅವರ ಮುಂದೆ ನಡೆದರು, ಸರಕಾರ ಹಿಂದೆ ಸರಿಯಿತು. ಭೂಮಿತಾಯಿ ಬಸುರಿ ಎಂದು ವರ್ಷಾ ವರ್ಷಾ ಕೂಗಿಕೊಂಡು ಬಂದ ಮಂದಿಗೆ ಆಕೆಯನ್ನು ಮಾರಿಬಿಡಿ ಎಂದರೆ ಬಾಯಿ ಸುಮ್ಮನಿರುತ್ತದೆಯೇ? ಹಬ್ಬದ ಇತಿಹಾಸದಲ್ಲಿ ಇದನ್ನೂ ಸೇರಿಸಿದ್ದೇನೆ. ಪರೀಕ್ಷೆಗೆ ಬರುವುದಿಲ್ಲ ಎಂಬ ಷರತ್ತಿನ ಮೇಲೆ ಮಕ್ಕಳು ಆಸ್ಥೆಯಿಂದ ಕೇಳಿದರು.

ಒಮ್ಮೆ ಎಳ್ಳಮವಾಸಿಯ ದಿನವೇ ಮೇಲಿನಿಂದ ಸಾಹೇಬರೊಬ್ಬರು ಶಾಲೆಯ ತಪಾಸಣೆಗೆ ಬಂದರು. ಶಾಲೆ ಖಾಲಿ. ಹೆಡ್ಮಾಸ್ತರರ ಮುಖದಲ್ಲಿ ರಕ್ತ ಇಲ್ಲ. ಪಾಠ ಇವತ್ತು ಹೊಲದಲ್ಲಿ ನಡೆದಿದೆ ಎಂದು ನಾನು ಅವರನ್ನು ಕರೆದೊಯ್ದೆ. ಸಾಹೇಬರು ಬಲು ಸಜ್ಜನರು. ಜಮಖಾ‌ನೆಯ ಮೇಲೆ ಕುಂತು ಎರಡು ಬಗೆಯ ರೊಟ್ಟಿ, ಮೂರು ಬಗೆಯ ಹೋಳಿಗೆ ಉಂಡು, ಚರಗದ ಕೂಗಿಗೆ ತಾವೂ ಮಾರುಕೂಗು ಕೊಟ್ಟು, ಮಜ್ಜಿಗೆ ಕುಡಿದು, ಅಲ್ಲಿಯೇ ಸಂದರ್ಶನ ಪುಸ್ತಕ ತರಿಸಿ ಬರೆದರು: "ಶಾಲೆಯ ಪ್ರಗತಿ ತೃಪ್ತಿಕರವಾಗಿದೆ. ಮಕ್ಕಳು ಚುರುಕಾಗಿದ್ದಾರೆ."

ಮರುದಿನ ಅದನ್ನು ತರಗತಿಯಲ್ಲಿ ಓದಿ ಹೇಳಿದೆ. ಹಿಂದಿನ ಸಾಲಿನ ಹುಡುಗ ಎದ್ದು, "ಸರ, ಈ ಸಾಹೇಬ್ರು ಗಣಪ್ಪನ ಪೈಕಿ ಅದಾರ್ರಿ" ಎಂದ. ಮಧ್ಯಾಹ್ನದೊಳಗೆ ಇನ್ನೊಂದು ವರದಿ ತಯಾರಾಯಿತು. ಎರಡು ಕೋಣೆ ಸೋರುತ್ತವೆ, ಹುಡುಗಿಯರ ಪಾಯಖಾನೆಗೆ ನೀರಿಲ್ಲ, ತಾಂಡಾದಿಂದ ಬರುವ ಬಸ್ಸು ಶಾಲೆಯ ಹೊತ್ತಿಗೆ ಬರುವುದಿಲ್ಲ, ತಂದೆತಾಯಿ ದುಡಿಯಲು ಹೋದ ಮಕ್ಕಳಿಗೆ ರಾತ್ರಿ ಅಡಿಗೆ ಮಾಡಿ ಹಾಕುವವರಿಲ್ಲ. ಕೆಳಗೆ ಇಡೀ ತರಗತಿಯ ಸಹಿ. ರಜಿಸ್ಟರ್ ಪೋಸ್ಟಿನ ದುಡ್ಡು ನಾನು ಕೊಟ್ಟೆ. ಉತ್ತರ ಬಂದಿಲ್ಲ. ಮುಟ್ಟಿದ್ದಕ್ಕೆ ಅಂಚೆಯ ಸ್ವೀಕೃತಿ ಚೀಟಿ ಮಾತ್ರ ಬಂತು. ದಿನಾಂಕ, ಸಹಿ, ಶಿಕ್ಕಾ ಎಲ್ಲ ಸರಿಯಾಗಿದ್ದ ಅದನ್ನು ಮಕ್ಕಳು ಇತಿಹಾಸದ ನೋಟ್‌ಬುಕ್ಕಿನಲ್ಲಿ ಶಾಸನಗಳ ಪಾಠದ ಪುಟಕ್ಕೆ ಅಂಟಿಸಿದ್ದಾರೆ.